ಸ್ಟೇ ಸಿಕ್ಕಿದ್ದು ಯಾರಿಗೆ, ಜಮೀನು ಕತ್ತರಿಸಿದ್ದು ಯಾರು?



ಇದು ಸ್ವಲ್ಪ ಉದ್ದ ಆಗುತ್ತೆ. ಬಸ್ಸಲ್ಲೋ ಊಟದ ಬಿಡುವಲ್ಲೋ ನಿಧಾನಕ್ಕೆ ಓದಿ. ಮಂಜೂರಿ ಜಮೀನಿನ ಕೇಸು ಮನೆಯಲ್ಲಿ ಇರೋರು ಪೂರ್ತಿ ಓದಿ.

ಹೋದ ತಿಂಗಳು ನಮ್ಮ ಹುಡುಗನೊಬ್ಬ ವಾಟ್ಸಪ್ಪಲ್ಲಿ ಒಂದು ಆದೇಶದ ಫೋಟೋ ಹಾಕಿ, "ಅಣ್ಣ, ಸ್ಟೇ ಸಿಕ್ತು" ಅಂತ ಬರೆದಿದ್ದ. ಕೆಳಗೆ ಹತ್ತಿಪ್ಪತ್ತು ಜನ ಜೈಭೀಮ್ ಹಾಕಿದ್ರು. ನಾನು ಆಫೀಸಿನಲ್ಲಿ ಫೈಲು ಪಕ್ಕಕ್ಕಿಟ್ಟು ಫೋಟೋ ದೊಡ್ಡದು ಮಾಡಿ ಓದಿದೆ. ಸ್ಟೇ ಸಿಕ್ಕಿದ್ದು ನಿಜ. ಆದರೆ ಅದು ಸಿಕ್ಕಿದ್ದು ಜಮೀನು ಕೊಂಡವನಿಗೆ. ಜಮೀನನ್ನ ಇವರ ಮನೆಯವರಿಗೆ ವಾಪಸ್ ಕೊಡಿಸಿದ ಎಸಿ ಆದೇಶಕ್ಕೆ ತಡೆ ಬಿದ್ದಿತ್ತು. ಹುಡುಗ ಡಿಗ್ರಿ ಓದಿದ್ದಾನೆ, ಇಂಗ್ಲಿಷ್ ಗೊತ್ತು. ಅವನ ತಪ್ಪಲ್ಲ. ಸ್ಟೇ ಅಂದರೆ ಏನೋ ಒಳ್ಳೇದು, ಕೋರ್ಟು ನಮ್ಮ ಪರ ಅಂದಿದೆ ಅನ್ನೋ ಭಾವನೆ ನಮ್ಮ ಕೇರಿಗಳಲ್ಲಿ ಹಾಗೇ ಉಳಿದುಬಿಟ್ಟಿದೆ.

ಅವತ್ತೇ ಅಂದುಕೊಂಡೆ, ಈ ಸ್ಟೇ ಅನ್ನೋದರ ಚರಿತ್ರೆ ಒಮ್ಮೆ ಬರೆದಿಡಬೇಕು ಅಂತ. ನಾನು ವಕೀಲ ಅಲ್ಲ. ಬಿಎ ಓದಿದ ಗುಮಾಸ್ತ. ಆದರೆ ಇಪ್ಪತ್ತು ವರ್ಷದಿಂದ ಇಂಥ ಕೇಸುಗಳ ಕಾಗದ ಹೊತ್ತು ಎಸಿ ಕೋರ್ಟು, ಡಿಸಿ ಕೋರ್ಟು, ಹೈಕೋರ್ಟು ಅಂತ ಅಲೆದಿದ್ದೀನಿ. ಕಾನೂನಿನ ಪುಸ್ತಕಕ್ಕಿಂತ ಆ ಕಾಗದಗಳೇ ನನಗೆ ಹೆಚ್ಚು ಕಲಿಸಿವೆ.

ಒಂದು ಮನೆ ಕತೆಯಿಂದ ಶುರು ಮಾಡ್ತೀನಿ. ಊರು, ಜಿಲ್ಲೆ ಹೆಸರು ಬೇಡ, ಕೇಸು ಇನ್ನೂ ನಡೀತಿದೆ. ಬೆಂಗಳೂರಿಗೆ ಅಂಟಿಕೊಂಡಿರೋ ಒಂದು ತಾಲ್ಲೂಕು ಅಂದುಕೊಳ್ಳಿ. ಅಲ್ಲೊಬ್ಬ ಅಜ್ಜಿ. ಅವರ ಗಂಡನಿಗೆ 1962ರಲ್ಲಿ 2 ಎಕರೆ ಮಂಜೂರಾಯ್ತು. ಸಾಗುವಳಿ ಚೀಟಿಯಲ್ಲಿ 15 ವರ್ಷ ಪರಭಾರೆ ಮಾಡಬಾರದು ಅಂತ ಷರತ್ತು ಇತ್ತು. 1969ರಲ್ಲಿ ಮಗಳ ಮದುವೆ ಸಾಲಕ್ಕೆ ಊರಿನ ದೊಡ್ಡ ಮನೆಯವರು ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. 15 ವರ್ಷ ಇನ್ನೂ ಮುಗಿದಿರಲಿಲ್ಲ. ಅಲ್ಲಿಂದ ಮುಂದೆ ಅಜ್ಜಿ ಅದೇ ಹೊಲದಲ್ಲಿ ಕೂಲಿಗೆ ಹೋದರು. ಹೊಲದ ತುದಿಯಲ್ಲಿ ಒಂದು ಹುಣಸೆ ಮರ. ಅದು ಗಂಡ ನೆಟ್ಟಿದ್ದು ಅಂತ ಅಜ್ಜಿ ಸಿಕ್ಕಿದವರಿಗೆಲ್ಲ ಹೇಳೋರು.

ಇಂಥ ಸಾವಿರಾರು ಹೆಬ್ಬೆಟ್ಟುಗಳ ಮೇಲೆ ಬಂದದ್ದೇ ಪಿಟಿಸಿಎಲ್ ಕಾಯ್ದೆ. ಪೂರ್ತಿ ಹೆಸರು ಕರ್ನಾಟಕ ಅನುಸೂಚಿತ ಜಾತಿಗಳು ಮತ್ತು ಅನುಸೂಚಿತ ಬುಡಕಟ್ಟುಗಳ (ಕೆಲವು ಭೂಮಿಗಳ ವರ್ಗಾವಣೆ ನಿಷೇಧ) ಅಧಿನಿಯಮ, 1978. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದ ಕಾಲ. 1979ರ ಜನವರಿ 1ರಿಂದ ಜಾರಿ.

ಪರಭಾರೆ ಮಾಡಬಾರದು ಅನ್ನೋ ಷರತ್ತು ಹೊಸದಲ್ಲ. ಮೈಸೂರು ಸಂಸ್ಥಾನದ ಕಾಲದ ಭೂ ಕಂದಾಯ ನಿಯಮಗಳಲ್ಲೇ ಇತ್ತು. ಕೆಲವು ಚೀಟಿಯಲ್ಲಿ ಶಾಶ್ವತ ನಿಷೇಧ, ಕೆಲವದರಲ್ಲಿ 20 ವರ್ಷ, ಕೆಲವದರಲ್ಲಿ 15 ವರ್ಷ. ಷರತ್ತು ಮುರಿದರೆ ಮಂಜೂರಾತಿ ರದ್ದು. ಯೋಚನೆ ಮಾಡಿ, ಹೆಬ್ಬೆಟ್ಟು ಒತ್ತಿಸಿಕೊಂಡವನು ಆರಾಮಾಗಿ ಇರ್ತಾನೆ, ಶಿಕ್ಷೆ ಹೆಬ್ಬೆಟ್ಟು ಒತ್ತಿದವನಿಗೆ! 1978ರ ಕಾಯ್ದೆ ಇದನ್ನ ತಿರುಗಿಸಿತು. ಷರತ್ತು ಮುರಿದ ವರ್ಗಾವಣೆಯೇ ಅಸಿಂಧು, ಜಮೀನನ್ನ ಎಸಿ ವಶಕ್ಕೆ ತಗೊಂಡು ಮೂಲ ಮಂಜೂರಿದಾರನಿಗೋ ಅವನ ವಾರಸುದಾರರಿಗೋ ಕೊಡಬೇಕು ಅಂತ 4 ಮತ್ತು 5ನೇ ಕಲಂ ಹೇಳಿದವು. ಜಮೀನು ಬೇರೆಯವರ ವಶದಲ್ಲಿದ್ದರೆ ಅದು ಅಸಿಂಧು ವರ್ಗಾವಣೆಯಿಂದಲೇ ಹೋಗಿದ್ದು ಅಂತ ಭಾವಿಸಬೇಕು, ಅಲ್ಲ ಅಂತ ಸಾಬೀತು ಮಾಡೋ ಹೊಣೆ ವಶದಲ್ಲಿರೋನದು. (ತೋಟಿ, ತಳವಾರಿಕೆಯ ಇನಾಮ್ತಿ ಜಮೀನು ಈ ಕಾಯ್ದೆಯೊಳಗೆ ಬರಲ್ಲ. ಅದರ ಗೋಳು ಬೇರೆ, ಇನ್ನೊಂದು ದಿನ ಬರೀತೀನಿ.)

ಈಗ ನಾನು ಹೇಳಬೇಕಾದ ವಿಷಯ. ಈ ಕಾಯ್ದೆ ಬರೆದವರಿಗೆ ಸ್ಟೇ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. 5ನೇ ಕಲಮಿನ 2ನೇ ಉಪಕಲಂ ತೆಗೆದು ಓದಿ. ಎಸಿ ಆದೇಶ ಅಂತಿಮ, ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸೋ ಹಾಗಿಲ್ಲ, ಎಸಿ ತಗೊಂಡ ಅಥವಾ ತಗೊಳ್ಳಲಿರೋ ಕ್ರಮಕ್ಕೆ ಯಾವ ನ್ಯಾಯಾಲಯವೂ ತಡೆಯಾಜ್ಞೆ ಕೊಡಬಾರದು ಅನ್ನೋ ಅರ್ಥದಲ್ಲಿದೆ. ಒಬ್ಬ ಕೂಲಿಯವನು ಜಮೀನು ಕೇಳಿದ ಮರುದಿನ ಎದುರಾಳಿ ಏನು ಮಾಡ್ತಾನೆ ಅನ್ನೋದನ್ನ ಮೊದಲೇ ಲೆಕ್ಕ ಹಾಕಿ ಬರೆದ ವಾಕ್ಯ ಅದು.

ಆದರೆ ಸಂವಿಧಾನದ 226ನೇ ವಿಧಿ ಹೈಕೋರ್ಟಿಗೆ ಕೊಟ್ಟಿರೋ ರಿಟ್ ಅಧಿಕಾರವನ್ನ ರಾಜ್ಯದ ಒಂದು ಕಾಯ್ದೆ ಮುಚ್ಚೋಕಾಗಲ್ಲ. ಅದು ನಮ್ಮ ಬಾಬಾಸಾಹೇಬರೇ ಕಟ್ಟಿದ ವ್ಯವಸ್ಥೆ, ಅದನ್ನ ನಾನು ಬೈಯಲ್ಲ. ನಾಳೆ ನಮಗೂ ಅದೇ ಬಾಗಿಲು ಬೇಕು. ಕೊಂಡವರು ಆ ಬಾಗಿಲಿಂದಲೇ ಹೋದರು. ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ ಅಂದರು. ಆ ವಾದ ಸುಪ್ರೀಂ ಕೋರ್ಟಲ್ಲಿ ಇತ್ಯರ್ಥ ಆಗಿದ್ದು 1984ರ ಏಪ್ರಿಲಲ್ಲಿ, ಮಂಚೇಗೌಡ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ. ಕಾಯ್ದೆ ಉಳಿಯಿತು. ಆದರೆ ಕಾಯ್ದೆ ಬರೋ ಮೊದಲೇ ಅನುಭವದ ಅವಧಿಯಿಂದ ಹಕ್ಕು ಪಕ್ಕಾ ಮಾಡಿಕೊಂಡಿದ್ದವರಿಗೆ ಇದು ಅನ್ವಯಿಸಲ್ಲ ಅಂತ ಒಂದು ವಿನಾಯಿತಿಯೂ ಬಂತು. ಜಾರಿಯಾದ ದಿನದಿಂದ ಲೆಕ್ಕ ಹಾಕಿದರೆ ಐದು ವರ್ಷ ಮೇಲೆ. ಕಾಯ್ದೆಯ ಬಾಲ್ಯ ಪೂರ್ತಿ ಅದು ಬದುಕುತ್ತೋ ಇಲ್ವೋ ಅನ್ನೋ ಅನುಮಾನದಲ್ಲೇ ಕಳೀತು.

ಆಮೇಲೆ ಎಸಿ ಆದೇಶದ ಮೇಲೆ ಡಿಸಿಗೆ ಮೇಲ್ಮನವಿ ಅನ್ನೋ 5ಎ ಕಲಂ ಕಾಯ್ದೆಯೊಳಗೇ ಬಂತು. ಅದರಿಂದ ನಮಗೂ ಉಪಯೋಗ ಆಗಿದೆ. ಆದರೆ ಮೇಲ್ಮನವಿ ಇದ್ದಲ್ಲಿ ಮಧ್ಯಂತರ ಅರ್ಜಿ ಇರುತ್ತೆ. ಎಸಿ ಕೋರ್ಟಲ್ಲಿ ಗೆಲ್ಲೋಕೆ ನಾಲ್ಕು ವರ್ಷ, ಅದಕ್ಕೆ ತಡೆ ತರೋಕೆ ಒಂದು ಮಧ್ಯಾಹ್ನ.

ಅಜ್ಜಿ ಮನೆಯವರು ಎಸಿಗೆ ಅರ್ಜಿ ಹಾಕಿದ್ದು 2004ರಲ್ಲಿ. ಯಾಕೆ ಅಷ್ಟು ತಡ ಅಂತ ಕೋರ್ಟು ಆಮೇಲೆ ಕೇಳಿತು, ಅದಕ್ಕೆ ಬರ್ತೀನಿ. 2008ರಲ್ಲಿ ಎಸಿ ಆದೇಶ ಆಯ್ತು, ಜಮೀನು ವಾಪಸ್ ಕೊಡಿ ಅಂತ. ಕೇರಿಯಲ್ಲಿ ಪಾಯಸ ಮಾಡಿದ್ರು, ನಾನೂ ಕುಡಿದೆ. ಅದೇ ತಿಂಗಳು ಕೊಂಡವರು ಡಿಸಿ ಕೋರ್ಟಿಗೆ ಹೋಗಿ ತಡೆ ತಂದರು. ಒಂದೂವರೆ ಸಾಲಿನ ಆದೇಶ. ಮುಂದಿನ ಆದೇಶದವರೆಗೆ ಎಸಿ ಆದೇಶಕ್ಕೆ ತಡೆ ನೀಡಿದೆ, ಅಷ್ಟೇ.

ಬಂಧುಗಳೇ, ಈ ಒಂದೂವರೆ ಸಾಲಿನಲ್ಲಿ ಏನಿದೆ ಅನ್ನೋದಕ್ಕಿಂತ ಏನಿಲ್ಲ ಅನ್ನೋದು ಮುಖ್ಯ. ಎಸಿ ಆದೇಶ ನಿಂತಿತು. ಕೊಂಡವನು ನಿಲ್ಲಲಿಲ್ಲ. ಅವನು ಮಾರಬಾರದು, ಭೂ ಪರಿವರ್ತನೆ ಮಾಡಿಸಬಾರದು, ಪೋಡಿ ಮಾಡಿಸಬಾರದು, ಸೈಟು ಮಾಡಬಾರದು ಅಂತ ಎಲ್ಲೂ ಇಲ್ಲ. ನಮ್ಮ ಕೈ ಕಟ್ಟಿದರು, ಅವನ ಕೈ ಬಿಟ್ಟರು. ಇದಕ್ಕೆ ನಾವು "ಕೇಸು ಪೆಂಡಿಂಗ್ ಇದೆ" ಅಂತ ಹೇಳಿಕೊಂಡು ಐದು ವರ್ಷ ಓಡಾಡಿದ್ವಿ.

2010ರಲ್ಲಿ ಆ 2 ಎಕರೆಯಲ್ಲಿ 1 ಎಕರೆ 20 ಗುಂಟೆಗೆ ಪರಿವರ್ತನೆ ಆದೇಶ ಸಿಕ್ಕಿತು. ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ವ್ಯವಸಾಯದ ಜಮೀನನ್ನ ಬೇರೆ ಉದ್ದೇಶಕ್ಕೆ ಬಳಸೋಕೆ ಕೊಡೋ ಅನುಮತಿ ಅದು. ಕೊಡೋದು ಡಿಸಿ ಕಚೇರಿ. ಮೇಲ್ಮನವಿ ನಡೀತಿದ್ದದ್ದೂ ಅದೇ ಕಚೇರಿಯಲ್ಲಿ. ಕೋರ್ಟ್ ಹಾಲಿಗೂ ಪರಿವರ್ತನೆ ಶಾಖೆಗೂ ನಡುವೆ ಒಂದು ಗೋಡೆ ಇತ್ತು, ಗೋಡೆಗೆ ಒರಗಿಸಿ ಇಟ್ಟ ಬೀರು ಇತ್ತು. ಆ ಬೀರುವಿನ ಪಕ್ಕದ ಬೆಂಚಲ್ಲೇ ಕೂತು ಅಜ್ಜಿ ಮತ್ತು ನಾನು ಹಿಯರಿಂಗಿಗೆ ಕಾಯ್ತಿದ್ವಿ. ಕೇಳಿದರೆ ಗುಮಾಸ್ತರು ಹೇಳಿದ್ದು, "ಎಸಿ ಆದೇಶಕ್ಕೆ ಸ್ಟೇ ಇದೆಯಲ್ಲಪ್ಪಾ, ಹಂಗಾಗಿ ಪಹಣಿಯಲ್ಲಿ ಇರೋರೇ ಮಾಲೀಕರು."

ಇದು ಸರೀನಾ? ಸರಿ ಅಲ್ಲ. 1992ರಲ್ಲಿ ಸುಪ್ರೀಂ ಕೋರ್ಟ್ ಚಾಮುಂಡಿ ಮೊಪೆಡ್ಸ್ ಪ್ರಕರಣದಲ್ಲಿ ಇದನ್ನೇ ಬಿಡಿಸಿ ಹೇಳಿದೆ. ಒಂದು ಆದೇಶವನ್ನ ರದ್ದು ಮಾಡಿದರೆ ಆ ಆದೇಶವೇ ಇರಲಿಲ್ಲ ಅನ್ನೋ ಸ್ಥಿತಿಗೆ ವಾಪಸ್ ಹೋಗ್ತೀವಿ. ತಡೆ ಕೊಟ್ಟರೆ ಆದೇಶ ಅಳಿಸಿಹೋಗಲ್ಲ, ತಡೆ ಬಿದ್ದ ದಿನದಿಂದ ಅದು ಕೆಲಸ ಮಾಡಲ್ಲ ಅಷ್ಟೇ. ಅಂದರೆ ಕ್ರಯ ಅಸಿಂಧು ಅಂತ ಎಸಿ ಬರೆದದ್ದು ಸತ್ತಿರಲಿಲ್ಲ, ಮಲಗಿತ್ತು. ಮಲಗಿರೋ ಆದೇಶದ ಹಾಸಿಗೆ ಕೆಳಗಿಂದ ಜಮೀನನ್ನ ಎಳ್ಕೊಂಡು ಹೋದರು.

34 ಸೈಟು ಆದವು. 30x40ದು 26, 20x30ದು 8. ಕಲ್ಲು ನೆಟ್ಟು, ಜೆಸಿಬಿಯಲ್ಲಿ ರಸ್ತೆ ಎಳೆದು, ಬಾಗಿಲಲ್ಲಿ ಕಮಾನು ಕಟ್ಟಿ ಲೇಔಟಿಗೆ ದೇವರ ಹೆಸರು ಇಟ್ಟರು. ದೇವರ ಹೆಸರಿಟ್ಟರೆ ಯಾರೂ ಮುಟ್ಟಲ್ಲ ನೋಡಿ.

ಇಲ್ಲಿ ಒಂದು ಪ್ರಶ್ನೆ ಬರುತ್ತೆ. ಕೇಸು ನಡೀವಾಗ ಮಾರೋಕೆ ಕಾನೂನು ಬಿಡುತ್ತಾ? ಸ್ವತ್ತು ವರ್ಗಾವಣೆ ಕಾಯ್ದೆ ಬಂದಿದ್ದು 1882ರಲ್ಲಿ. ಅದರ 52ನೇ ಕಲಂ ಇದಕ್ಕೇ ಇರೋದು. ದಾವೆ ನಡೀತಿರೋ ಆಸ್ತಿಯನ್ನ ಎದುರು ಪಕ್ಷದ ಹಕ್ಕಿಗೆ ಧಕ್ಕೆ ಆಗೋ ಹಾಗೆ ಮಾರೋಕಾಗಲ್ಲ ಅನ್ನುತ್ತೆ. ಕೇಳೋಕೆ ಭದ್ರವಾಗಿದೆ. ಆದರೆ ಮಾರಾಟವೇ ಅಸಿಂಧು ಅಂತ ಅದು ಹೇಳಲ್ಲ. ಕೊಂಡವನು ಕೇಸಿನ ಫಲಕ್ಕೆ ಬದ್ಧ ಅನ್ನುತ್ತೆ. ಅಂದರೆ ಮಾರಾಟ ನಡೆಯುತ್ತೆ, ನೋಂದಣಿ ಆಗುತ್ತೆ, ಮನೆ ಏಳುತ್ತೆ, ಗೃಹಪ್ರವೇಶ ಆಗುತ್ತೆ. ಕಡೇಲಿ ನಾವು ಗೆದ್ದರೆ ಅವರು ಬಿಡಬೇಕು. ಎಸಿ, ಡಿಸಿ ಮುಂದಿನ ಕೇಸಿಗೆ ಈ ಕಲಂ ಹಚ್ಚಬಹುದಾ ಅನ್ನೋದರ ಮೇಲೇ ಇನ್ನೆರಡು ವರ್ಷ ವಾದ ಎಳೀತಾರೆ.

ಪಿಟಿಸಿಎಲ್ ಕಾಯ್ದೆಯ 6ನೇ ಕಲಂ ಉಪನೋಂದಣಾಧಿಕಾರಿಗೂ ಬೇಲಿ ಹಾಕಿದೆ. ಮಂಜೂರಿ ಜಮೀನುಗಳ ಪಟ್ಟಿಯಲ್ಲಿರೋ ಜಮೀನಿನ ಪತ್ರವನ್ನ ಕಾಯ್ದೆಗೆ ವಿರುದ್ಧವಾಗಿ ನೋಂದಾಯಿಸಬಾರದು ಅಂತ. ಪಟ್ಟಿ ಅವರ ಮೇಜಿನ ಮೇಲೆ ಇರಬೇಕಲ್ಲ! ನಾನು ಹೋದ ಕಚೇರಿಯಲ್ಲಿ ಪಟ್ಟಿ ಎಲ್ಲಿ ಅಂದರೆ "ತಹಶೀಲ್ದಾರರು ಕಳಿಸಿಲ್ಲ" ಅಂದರು. ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ "ಆಗಲೇ ಕಳಿಸಿದ್ದೀವಿ" ಅಂದರು. ಎರಡೂ ಕಚೇರಿ ಒಂದೇ ಕಾಂಪೌಂಡು.

ಹಾಗಾದರೆ ಭದ್ರವಾದ ತಡೆ ಅಂದರೆ ಯಾವುದು? ಅದರ ಉತ್ತರಾನೂ ಹಳೆಯದೇ. ಸಿವಿಲ್ ಪ್ರಕ್ರಿಯಾ ಸಂಹಿತೆ 1908ರದು. ಅದರ ಆದೇಶ 41, ನಿಯಮ 5 ಏನು ಹೇಳುತ್ತೆ ಅಂದರೆ, ಮೇಲ್ಮನವಿ ಹಾಕಿದ ಮಾತ್ರಕ್ಕೆ ಕೆಳಗಿನ ತೀರ್ಪು ನಿಲ್ಲಲ್ಲ, ನಿಲ್ಲಿಸೋಕೆ ಬೇರೆ ಆದೇಶ ಬೇಕು. ಆದೇಶ 39 ತಾತ್ಕಾಲಿಕ ನಿರ್ಬಂಧಕಾಜ್ಞೆಯದು. ಆಸ್ತಿ ಹಾಳು ಮಾಡಬೇಡ, ಮಾರಬೇಡ, ಸ್ವರೂಪ ಬದಲಿಸಬೇಡ ಅಂತ ಪಕ್ಷಗಾರನಿಗೇ ಹೇಳೋದು. ನಮ್ಮ ಜನ ಎರಡನ್ನೂ ಸ್ಟೇ ಅಂತಲೇ ಕರೀತಾರೆ. ಎರಡೂ ಬೇರೆ ಬೇರೆ.

1967ರಲ್ಲಿ ಮುಲ್‌ರಾಜ್ ಅನ್ನೋರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವ್ಯತ್ಯಾಸ ಬರೆದಿದೆ. ಸ್ಟೇ ಅನ್ನೋದು ಕೆಳಗಿನ ಕೋರ್ಟಿಗೆ ಬರೆದ ಕಾಗದ. ಅದು ಆ ಕೋರ್ಟಿನ ಗಮನಕ್ಕೆ ಬಂದ ಮೇಲೆ ಮುಂದೆ ಮಾಡಿದ್ದೆಲ್ಲ ಶೂನ್ಯ, ಬರೋ ಮೊದಲು ಮಾಡಿದ್ದು ಊರ್ಜಿತ. ನಿರ್ಬಂಧಕಾಜ್ಞೆ ಪಕ್ಷಗಾರನಿಗೆ ಬರೆದ ಕಾಗದ. 1976ರ ತಿದ್ದುಪಡಿಯಲ್ಲಿ ಆದೇಶ 41ಕ್ಕೂ ಒಂದು ವಿವರಣೆ ಸೇರಿಸಿ, ತಡೆ ಅನ್ನೋದು ಮೂಲ ನ್ಯಾಯಾಲಯಕ್ಕೆ ತಿಳಿಸಿದ ದಿನದಿಂದ ಜಾರಿ ಅಂತ ಮಾಡಿದರು. ಇದನ್ನ ಓದಿದಾಗ ನನಗೆ ನಗು ಬಂತು. ನಮ್ಮ ತಾಲ್ಲೂಕಿನಲ್ಲಿ ಮೊದಲ ಬಸ್ಸು ಯಾರು ಹಿಡೀತಾರೋ ಅವರದೇ ನ್ಯಾಯ ಅಂತ ಹಿರಿಯರು ಹೇಳ್ತಿದ್ದದ್ದು ಇದಕ್ಕೇ. ಶುಕ್ರವಾರ ಸಂಜೆ ಬೆಂಗಳೂರಲ್ಲಿ ಆದ ಆದೇಶದ ನಕಲು ಸೋಮವಾರ ಬೆಳಿಗ್ಗೆ ತಾಲ್ಲೂಕು ಕಚೇರಿ ಮುಟ್ಟೋ ಹೊತ್ತಿಗೆ ಶನಿವಾರದ ತಾರೀಖಿನ ಸಹಿ ಬಿದ್ದಿರುತ್ತೆ.

1995ರಲ್ಲಿ ಇನ್ನೊಂದು ತೀರ್ಪು, ಸುರ್ಜಿತ್ ಸಿಂಗ್ ಪ್ರಕರಣ. ಅದು ದಲಿತರ ಜಮೀನಿನ ಕೇಸಲ್ಲ, ಒಂದು ಕುಟುಂಬದ ಆಸ್ತಿ ಪಾಲಿನ ಜಗಳ. ಪಾಲು ಆಗೋವರೆಗೆ ಯಾರೂ ಪರಭಾರೆ ಮಾಡಬಾರದು ಅಂತ ಕೋರ್ಟು ಹೇಳಿತ್ತು. ಆದರೂ ಮಾಡಿದರು. ತಗೊಂಡವರು ಬಂದು ನಮ್ಮನ್ನೂ ಕೇಸಿಗೆ ಸೇರಿಸಿಕೊಳ್ಳಿ ಅಂದರು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕೋರ್ಟಿನ ನಿರ್ಬಂಧ ಮುರಿದು ಮಾಡಿದ ವರ್ಗಾವಣೆಗೆ ಬೆಲೆ ಕೊಟ್ಟರೆ ಆದೇಶಕ್ಕೆ ಅರ್ಥ ಏನು ಉಳೀತು ಅನ್ನೋ ಧಾಟಿಯಲ್ಲಿ ತಳ್ಳಿಹಾಕಿತು. ನೋಡಿ, ಬರೀ ಕೇಸು ಪೆಂಡಿಂಗ್ ಇದ್ದಾಗ ಮಾರಿದರೆ ಕೊಂಡವನು ಕೇಸಿನ ಫಲಕ್ಕೆ ಕಾಯ್ತಾನೆ. ಮಾರಬೇಡ ಅಂತ ಕೋರ್ಟು ಹೇಳಿದ ಮೇಲೂ ಮಾರಿದರೆ ಕೊಂಡವನಿಗೆ ಬಾಗಿಲೇ ಇಲ್ಲ. ಇವೆರಡರ ನಡುವೆ ಇರೋದು ಒಂದು ವಾಕ್ಯ. 2008ರಲ್ಲಿ ನಾವು ಆ ವಾಕ್ಯ ಕೇಳಲಿಲ್ಲ. ನಮ್ಮ ವಕೀಲರು ಕೇಳಲಿಲ್ಲ ಅಂತ ಹೇಳಿ ಕೈ ತೊಳ್ಕೊಬಹುದು, ಆದರೆ ಕಾಗದ ಹಿಡ್ಕೊಂಡು ಓಡಾಡ್ತಿದ್ದವನು ನಾನು. ತಡೆ ತೆರವು ಮಾಡಿ ಅಂತ ಅರ್ಜಿ ಹಾಕಿಸಿದೆ. ತಡೆ ಇರಲಿ, ಆದರೆ ಜಮೀನನ್ನ ವಿಂಗಡಿಸದಂತೆ, ಪರಿವರ್ತಿಸದಂತೆ, ಮಾರದಂತೆ ಅವನನ್ನೂ ನಿಲ್ಲಿಸಿ ಅಂತ ಒಂದು ಅರ್ಜಿ ಹಾಕಿಸಬೇಕು ಅನ್ನೋದು ನನಗೆ ಹೊಳೆಯಲಿಲ್ಲ.

2013ರಲ್ಲಿ ಡಿಸಿ ಮೇಲ್ಮನವಿ ವಜಾ ಮಾಡಿದರು. ಎಸಿ ಆದೇಶ ಸರಿ ಅಂದರು. ನಾವು ಗೆದ್ವಿ. ಸರ್ವೆಯವರನ್ನ ಕರೆದುಕೊಂಡು ಹೋದ್ವಿ. ಅಲ್ಲಿ ಆಗಲೇ ಹನ್ನೊಂದು ಮನೆ ಎದ್ದಿದ್ದವು. ಒಂದು 20x30 ಸೈಟಿನ ಶೀಟು ಮನೆಯಿಂದ ಒಬ್ಬ ಹೆಣ್ಣುಮಗಳು ಹೊರಗೆ ಬಂದಳು. ನಮ್ಮವಳೇ. ಪಕ್ಕದ ತಾಲ್ಲೂಕಿನ ನಮ್ಮ ಕೇರಿಯವಳು. ಗಾರ್ಮೆಂಟ್ಸ್ ಕೆಲಸ, ಗಂಡ ಗಾರೆ ಕೆಲಸ. ಪಿಎಫ್ ದುಡ್ಡು, ಚೀಟಿ ದುಡ್ಡು, ತವರಿನ ಓಲೆ ಎಲ್ಲಾ ಹಾಕಿ ತಗೊಂಡಿದ್ದಾಳೆ. "ಅಣ್ಣ, ನಾವೂ ಜೈಭೀಮ್ ನೋರೇ ಕಣಣ್ಣ. ನಮ್ಮನ್ನ ಎಬ್ಬಿಸ್ತೀರಾ?" ಅಂದಳು. ಅಜ್ಜಿ ನನ್ನ ಮುಖ ನೋಡಿದರು. ನನ್ನ ಹತ್ತಿರ ಮಾತಿರಲಿಲ್ಲ. ಅಜ್ಜಿನೇ ಆಮೇಲೆ ಆ ಹುಡುಗಿ ಹತ್ತಿರ ನೀರು ಇಸ್ಕೊಂಡು ಕುಡಿದು ಬಂದು, "ಆ ಮಗೀನ ಬಿಟ್ಟು ಬಾಕಿದು ಕೇಳಕ್ಕಾಯ್ತದಾ?" ಅಂತ ಕೇಳಿದರು.

ಜಮೀನು ಕತ್ತರಿಸೋದರ ಹುನ್ನಾರ ಇರೋದೇ ಇಲ್ಲಿ. ಎದುರಿಗೆ ಒಬ್ಬ ಜಮೀನ್ದಾರ ಇದ್ದಾಗ ಅದು ನ್ಯಾಯದ ಕೇಸು. ಎದುರಿಗೆ 34 ಬಡ ಮನೆ ನಿಂತಾಗ ನಾವೇ ಕ್ರೂರಿಗಳು. ಕಟ್ಟಿದವರ ಮೇಲೆ ಕರುಣೆ ತೋರಿಸಿ ಅಂತ ಕೋರ್ಟಲ್ಲಿ ವಾದ ಮಾಡೋದು ಯಾರು? ಸೈಟು ಮಾರಿ ದುಡ್ಡು ಎಣಿಸಿದವನ ವಕೀಲರು. ಅಷ್ಟೇ ಅಲ್ಲ, ಕಾಯ್ದೆಯ 5ನೇ ಕಲಮಿನಲ್ಲೇ ಇನ್ನೊಂದು ಮಾತಿದೆ: ಮೂಲ ಮಂಜೂರಿದಾರನಿಗೆ ಜಮೀನು ವಾಪಸ್ ಕೊಡೋದು ಸಾಧ್ಯ ಆಗದಿದ್ದರೆ ಅದು ಸರ್ಕಾರಕ್ಕೆ ಸೇರುತ್ತೆ, ಸರ್ಕಾರ ಅದನ್ನ ಬೇರೆ ಪರಿಶಿಷ್ಟರಿಗೆ ಕೊಡಬಹುದು. ವಾರಸುದಾರರು ಸಿಗದೇ ಇದ್ದಾಗ ಅನುಕೂಲ ಆಗಲಿ ಅಂತ ಇಟ್ಟ ಮಾತು ಅಂತ ನಾನು ಓದಿಕೊಂಡಿದ್ದೀನಿ. ಲೇಔಟು ಎದ್ದ ಮೇಲೆ ಅದನ್ನೇ ತೋರಿಸಿ "ಇನ್ನೆಲ್ಲಿ ಕೊಡೋದು" ಅನ್ನೋರನ್ನ ನಾನು ಕಂಡಿದ್ದೀನಿ.

ಇನ್ನೊಂದು ವ್ಯಂಗ್ಯ ಇದೆ. ಈ ಕಾಯ್ದೆಯಲ್ಲಿ "ವರ್ಗಾವಣೆ" ಅಂದರೆ ಮಾರಾಟ, ದಾನ, ಅಡಮಾನ, ಗುತ್ತಿಗೆ, ಮಾರಾಟದ ಕರಾರು ಎಲ್ಲವೂ ಸೇರುತ್ತೆ. ಸೇರದೇ ಇರೋದು ಕುಟುಂಬದವರ ನಡುವಿನ ವಿಭಾಗ ಮತ್ತೆ ಉಯಿಲು. ಅಂದರೆ ಕಾನೂನು ಒಪ್ಪೋ ವಿಂಗಡಣೆ ಅಂದರೆ ಅಣ್ಣತಮ್ಮಂದಿರ ಪಾಲು. ನಮ್ಮ ಕೇರಿಯವರು ಅಪ್ಪನ 2 ಎಕರೆಯನ್ನ ಪಾಲು ಮಾಡಿಕೊಂಡು ಪೋಡಿಗೆ, 11ಇ ನಕ್ಷೆಗೆ ಅರ್ಜಿ ಹಾಕಿದರೆ "ಪಿಟಿಸಿಎಲ್ ಜಮೀನು, ಆಗಲ್ಲ" ಅಂತ ವರ್ಷಗಟ್ಟಲೆ ತಿರುಗಿಸ್ತಾರೆ. ಅದೇ ಜಮೀನು ಇನ್ನೊಬ್ಬರ ಹೆಸರಲ್ಲಿದ್ದರೆ 34 ತುಂಡು ಮಾಡೋಕೆ ಕಾಯ್ದೆ ಯಾರ ನೆನಪಿಗೂ ಬರಲ್ಲ.

ಡಿಸಿ ಆದೇಶದ ಮೇಲೆ ಅವರು ಹೈಕೋರ್ಟಿಗೆ ಹೋದರು. ಮತ್ತೆ ಮಧ್ಯಂತರ ತಡೆ. ಈ ಸಲ ನಾವು ಸುಮ್ಮನಿರದೆ ಯಥಾಸ್ಥಿತಿ ಆದೇಶ ಕೇಳಿ ತಂದ್ವಿ. ತಂದು ನೋಡಿದರೆ ಎರಡೂ ಕಡೆಯವರು ಯಥಾಸ್ಥಿತಿ ಕಾಪಾಡಬೇಕು ಅಂತ ಮಾತ್ರ ಇದೆ. ಯಾವ ದಿನದ ಯಥಾಸ್ಥಿತಿ? ಸ್ವಾಧೀನದ್ದಾ, ಪಹಣಿಯದ್ದಾ, ಜಮೀನಿನ ಸ್ವರೂಪದ್ದಾ? ಸೈಟು ಮಾರೋದೇ ನಮ್ಮ ಯಥಾಸ್ಥಿತಿ ಅನ್ನೋ ಹಾಗೆ ಅವರು ಇನ್ನೂ ನಾಲ್ಕು ಮಾರಿದರು. ಪಹಣಿಯ 11ನೇ ಕಲಮಿನಲ್ಲಿ ನ್ಯಾಯಾಲಯದ ಆದೇಶ ನಮೂದಿಸಿ ಅಂತ ಅರ್ಜಿ ಕೊಟ್ಟು, ನಮೂದು ಆಗೋಕೆ ಏಳು ತಿಂಗಳು ಹಿಡೀತು. ಕಂಪ್ಯೂಟರಿನಲ್ಲಿ ಆ ಸಾಲು ಬರೋವರೆಗೆ ನೋಂದಣಿ ಕಚೇರಿಗೆ ನಮ್ಮ ಆದೇಶ ಕಾಣಲ್ಲ.

ಆಮೇಲೆ 2017ರ ಅಕ್ಟೋಬರ್ 26. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣ. ಈ ಹೆಸರು ನಮ್ಮ ಕೇರಿಯ ಮಕ್ಕಳಿಗೂ ಬಾಯಿಪಾಠ ಆಗಿದೆ. ಕಾಯ್ದೆ ಬಂದು 20 ವರ್ಷ ದಾಟಿದ ಮೇಲೆ ಹಾಕಿದ ಅರ್ಜಿ ಸಮಂಜಸ ಅವಧಿಯೊಳಗಿನದಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಕಾಯ್ದೆಯಲ್ಲಿ ಕಾಲಮಿತಿ ಅನ್ನೋದೇ ಇರಲಿಲ್ಲ. ಅದಾದ ಮೇಲೆ ಎಸಿ ಕೋರ್ಟಿಂದ ಹೈಕೋರ್ಟಿನವರೆಗೆ ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಕೇಸುಗಳು ಬೀಳೋಕೆ ಶುರುವಾದವು. ನಮ್ಮ ಅಜ್ಜಿಯದು ಬಿದ್ದದ್ದು 2019ರಲ್ಲಿ. 1979ರಿಂದ 2004, 25 ವರ್ಷ. ನಮ್ಮ 25 ವರ್ಷ ವಿಳಂಬ ಆಯ್ತು. 2008ರಿಂದ 2019ರವರೆಗೆ ಅವರು ಸ್ಟೇ ಮೇಲೆ ಕಳೆದ 11 ವರ್ಷಕ್ಕೆ ಕಾನೂನಿನಲ್ಲಿ ಹೆಸರೇ ಇಲ್ಲ.

ಅದೇ ಹೊತ್ತಿಗೆ ಇನ್ನೊಂದು ತಮಾಷೆ. 2018ರ ಮಾರ್ಚಿ 28ರಂದು ಏಷ್ಯನ್ ರಿಸರ್ಫೇಸಿಂಗ್ ಅನ್ನೋ ಪ್ರಕರಣದಲ್ಲಿ, ವಿಚಾರಣೆಗೆ ಕೊಟ್ಟ ತಡೆ ಆರು ತಿಂಗಳಿಗೆ ತಾನಾಗೇ ಮುಗಿಯುತ್ತೆ, ಮುಂದುವರಿಸಬೇಕಾದರೆ ಕಾರಣ ಬರೆದು ಮುಂದುವರಿಸಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ಅದು ಸಿವಿಲ್, ಕ್ರಿಮಿನಲ್ ವಿಚಾರಣೆಗಳ ತಡೆಗೆ ಹೇಳಿದ ಮಾತು. ನಮ್ಮ ಕಡೆ ಕಚೇರಿಗಳಲ್ಲಿ ಅದನ್ನ ಬೇಕಾದ ಹಾಗೆ ಎಳೆದರು. ನಾವು ತಂದ ಯಥಾಸ್ಥಿತಿ ಆದೇಶ ತೋರಿಸಿದರೆ "ಆರು ತಿಂಗಳಾಯ್ತಲ್ಲ, ಬಿದ್ದೋಯ್ತು" ಅನ್ನೋರು. ಅವರು ತಂದ ಸ್ಟೇ ಮಾತ್ರ ಹತ್ತು ವರ್ಷ ಆದರೂ ಬೀಳಲ್ಲ! 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ಆರು ತಿಂಗಳ ನಿಯಮವನ್ನೇ ತೆಗೆದುಹಾಕಿತು. ಯಾರಾದರೂ ನಿಮಗೆ ಇನ್ನೂ ಆರು ತಿಂಗಳ ಕತೆ ಹೇಳಿದರೆ ಈ ತಾರೀಖು ಹೇಳಿ.

ನೆಕ್ಕಂಟಿ ತೀರ್ಪಿನ ಮೇಲೆ ನಡೆದ ಹೋರಾಟ ನಿಮಗೆಲ್ಲ ಗೊತ್ತು. ಫ್ರೀಡಂ ಪಾರ್ಕಲ್ಲಿ ತಿಂಗಳುಗಟ್ಟಲೆ ಧರಣಿ. ಅಲ್ಲಿ ಕೂತವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ಎದೆಗೆ ಸಾಗುವಳಿ ಚೀಟಿಯ ಜೆರಾಕ್ಸ್ ಅಂಟಿಸಿಕೊಂಡು ಕೂತಿದ್ದವರು. 2023ರ ಜುಲೈನಲ್ಲಿ ತಿದ್ದುಪಡಿ ಆಯ್ತು. ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ, ಬಾಕಿ ಇರೋ ಎಲ್ಲ ಕೇಸಿಗೂ ಇದು ಅನ್ವಯ ಅಂತ 5ನೇ ಕಲಮಿಗೆ ಸೇರಿಸಿದರು. ಅವತ್ತು ಪಟಾಕಿ ಹೊಡೆದ್ವಿ. 2024ರ ಜುಲೈನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ ವಿಳಂಬ ಬೇರೆ, ತಿದ್ದುಪಡಿ ಬಂದರೂ ಅತಿಯಾದ ವಿಳಂಬವನ್ನ ಕೋರ್ಟು ನೋಡಬಹುದು ಅಂದಿತು. ಆ ಚರ್ಚೆ ಬೇರೆ ಕಡೆ ಬೇಕಾದಷ್ಟು ನಡೀತಿದೆ. ನಾನಿಲ್ಲಿ ಕೇಳೋದು ಒಂದೇ. ತಿದ್ದುಪಡಿಗಾಗಿ ಅಷ್ಟು ದಿನ ಕೂತ ನಾವು, ಮೇಲ್ಮನವಿ ಬಾಕಿ ಇರೋವಾಗ ಮಂಜೂರಿ ಜಮೀನಿನ ಪರಿವರ್ತನೆ, ಲೇಔಟು, ಪೋಡಿ, ನೋಂದಣಿ ಎಲ್ಲಾ ತಾನಾಗೇ ನಿಲ್ಲಬೇಕು ಅನ್ನೋ ಒಂದು ಉಪಕಲಂ ಯಾಕೆ ಕೇಳಲಿಲ್ಲ? ಎಸಿ ಕ್ರಮಕ್ಕೆ ತಡೆ ಕೊಡಬಾರದು ಅಂತ 1978ರಲ್ಲೇ ಬರೆದರು, ಅದು ಉಳೀಲಿಲ್ಲ. ಸರಿ, ತಡೆ ಕೊಡಿ. ಆದರೆ ಬರೀ ಆದೇಶವನ್ನಲ್ಲ, ಜಮೀನನ್ನೂ ತಡೀರಿ. ಇದು ಹೊಸ ಕಾನೂನೂ ಅಲ್ಲ, 1908ರ ಪುಸ್ತಕದಲ್ಲಿರೋದೇ.

ಅಜ್ಜಿ 2021ರಲ್ಲಿ ತೀರಿಕೊಂಡರು. ರಿಟ್ ಮೇಲ್ಮನವಿ ಬಾಕಿ ಇದೆ, ಈಗ ಮಗನ ಹೆಸರಲ್ಲಿ. 2 ಎಕರೆಯಲ್ಲಿ ಕತ್ತರಿಸದೇ ಉಳಿದಿರೋದು 20 ಗುಂಟೆ, ಹುಣಸೆ ಮರ ಇರೋ ಕಡೆ. ಹೋದ ತಿಂಗಳು ಅಲ್ಲೂ ಸುಣ್ಣದ ಗೆರೆ ಬಿತ್ತು. ಮಗ ಬೆಳಿಗ್ಗೆ ಆರಕ್ಕೆ ಫೋನು ಮಾಡಿದ, "ಮಾವ, ಗೆರೆ ಎಳೀತಾವ್ರೆ." ಈ ಸಲ ವಕೀಲರ ಹತ್ತಿರ ಕೂತು ಅರ್ಜಿಯ ಕೋರಿಕೆ ಭಾಗವನ್ನ ಒಂದೊಂದೇ ಪದ ನೋಡಿ ಬರೆಸಿದೆ. ಸರ್ವೆ ನಂಬರು, ಚೆಕ್ಕುಬಂದಿ, ಗುಂಟೆ ಎಲ್ಲಾ ಹಾಕಿ, ಆ ದಿನದ ಫೋಟೋ ಲಗತ್ತಿಸಿ, ಪ್ರತಿವಾದಿಗಳು ಮತ್ತವರ ಕಡೆಯವರು ಜಮೀನನ್ನ ವಿಂಗಡಿಸಬಾರದು, ಪರಿವರ್ತಿಸಬಾರದು, ಪರಭಾರೆ ಮಾಡಬಾರದು, ಸ್ವರೂಪ ಬದಲಿಸಬಾರದು ಅಂತ. ಹುಡುಗರೇ, ನಿಮ್ಮ ಮನೆ ಕೇಸಿನ ಅರ್ಜಿ ತೆಗೆದು ಈ ನಾಲ್ಕು ಪದ ಇವೆಯಾ ನೋಡಿ. ಇಲ್ಲ ಅಂದರೆ ನಾಳೆಯೇ ವಕೀಲರನ್ನ ಕೇಳಿ. ಆದೇಶ ಬಂದರೆ ಅದು ಯಾರನ್ನ ನಿಲ್ಲಿಸಿದೆ ಅಂತ ಓದಿ, ಆಮೇಲೆ ಜೈಭೀಮ್ ಹಾಕಿ.

ನಮಗೆ ಆದೇಶ ಸಿಕ್ತು. ಮುಂದಿನ ವಿಚಾರಣೆವರೆಗೆ 20 ಗುಂಟೆ ಮುಟ್ಟೋ ಹಾಗಿಲ್ಲ, ನಾಲ್ಕೂ ಪದ ಆದೇಶದಲ್ಲಿವೆ. ಸಿಕ್ಕ ದಿನವೇ ರಜೆ ಹಾಕಿ ದೃಢೀಕೃತ ನಕಲು ತಗೊಂಡು ಮೊದಲ ಬಸ್ಸು ಹಿಡಿದೆ. ತಾಲ್ಲೂಕು ಕಚೇರಿ, ಸರ್ವೆ ಶಾಖೆ, ಉಪನೋಂದಣಿ ಕಚೇರಿ, ಮೂರೂ ಕಡೆ ಕೊಟ್ಟು ನಮ್ಮ ಪ್ರತಿಗೆ ಸೀಲು, ತಾರೀಖು, ಸಮಯ ಹಾಕಿಸಿಕೊಂಡೆ. ಪಂಚಾಯ್ತಿಯಲ್ಲಿ ಪಿಡಿಒ ಮೀಟಿಂಗಿಗೆ ಹೋಗಿದ್ದರು, ಸೀಲು ಬೀರುವಿನಲ್ಲಿ, ಬೀಗ ಅವರ ಹತ್ತಿರ. ಸೋಮವಾರ ಮತ್ತೆ ಹೋಗ್ತಿದ್ದೀನಿ. ಆ ಕಡೆಯ ಸ್ನೇಹಿತರು ಯಾರಾದರೂ ಬೆಳಿಗ್ಗೆ ಹತ್ತಕ್ಕೆ ಜೊತೆಗೆ ಬರೋದಾದರೆ ಇನ್‌ಬಾಕ್ಸಿಗೆ ಹೇಳಿ.

ಜೈಭೀಮ್.